ಮೇಷ್ಟ್ರ ಮಳೆ ಲೆಕ್ಕ: ನಾಲ್ಕು ಕಂಪ್ಯೂಟರ್‌ಗಳಲ್ಲಿ ಒಂದು ಬಿಬಿಸಿ ಮೈಕ್ರೊ

ಒಂದೇ ಪ್ರೋಗ್ರಾಂ, ಒಂದೇ ಕ್ಯಾಸೆಟ್ ಫೈಲು. ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಓಡಿತು, ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಓಡಲಿಲ್ಲ. ಹೀಗಾದಾಗ ಎಲ್ಲರೂ ಬೈಯುವುದು ವಿಂಡೋಸನ್ನೇ. ಈ ಪ್ರಕರಣದಲ್ಲಿ ಅದು ಪಾಪ, ಏನೂ ಮಾಡಿರಲಿಲ್ಲ. ಹಳೆ ಕಂಪ್ಯೂಟರ್‌ನ ಎಮ್ಯುಲೇಟರ್, ಅಂದರೆ ಇವತ್ತಿನ ಕಂಪ್ಯೂಟರ್‌ನೊಳಗೆ ಹಳೆಯದರ ಹಾಗೇ ನಡೆದುಕೊಳ್ಳುವ ಪ್ರೋಗ್ರಾಂ, ಹಾಕಲು ಹೊರಟವರು ಮೊದಲು ಕೇಳುವ ಪ್ರಶ್ನೆ, ಇದು ನನ್ನ ಸಿಸ್ಟಮ್‌ನಲ್ಲಿ ಇನ್‌ಸ್ಟಾಲ್ ಆಗುತ್ತಾ ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದ್ದು ಬೇರೆ ಇದೆ: ಒಳಗೆ ನಾವು ಯಾವ ಯಂತ್ರ ಕಟ್ಟುತ್ತಿದ್ದೇವೆ? ಕಂಪೈಲ್ ಮಾಡುವಾಗ, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವಾಗ, ಬರುವ ತಪ್ಪುಗಳನ್ನು ಕಂಪ್ಯೂಟರೇ ಬಾಯಿಬಿಟ್ಟು ಹೇಳುತ್ತದೆ. ಒಳಗಿನ ಯಂತ್ರ ಬೇರೆಯಾಗಿದ್ದರೆ ಅದನ್ನು ನಾವೇ ಹುಡುಕಬೇಕು.

ಕ್ಯಾಸೆಟ್‌ನಲ್ಲಿ ಇದ್ದದ್ದು

ಮೇಷ್ಟ್ರ ಮನೆ ಇರುವುದು ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನುವ ಯೋಜನೆ ಶುರುಮಾಡಿತು. ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟು, ಮೇಷ್ಟ್ರುಗಳಿಗೆ ತರಬೇತಿ ಕೊಡುವ ಯೋಜನೆ ಅದು. ಆಗ ಬಂದದ್ದು ಬಿಬಿಸಿ ಮೈಕ್ರೊ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರ್‌ನಲ್ಲಿ ಹೊರತಂದ ಯಂತ್ರ. ಇದನ್ನೇ ಲೈಸೆನ್ಸ್ ಪಡೆದು ನಮ್ಮ ದೇಶದ ಸರ್ಕಾರಿ ಚಿಪ್ ಕಾರ್ಖಾನೆ, ಮೊಹಾಲಿಯ ಎಸ್‌ಸಿಎಲ್, ಯೂನಿಕಾರ್ನ್ ಅನ್ನುವ ಹೆಸರಿನಲ್ಲಿ ಮಾಡಿತ್ತು. ಆ ಕಾರ್ಖಾನೆ 1989ರ ಫೆಬ್ರವರಿಯಲ್ಲಿ ಬೆಂಕಿಗೆ ಸಿಕ್ಕಿತು. ಅದು ಬೇರೆಯೇ ದುಃಖದ ಕಥೆ.

ಯಂತ್ರದ ಒಳಗೆ 6502 ಪ್ರೊಸೆಸರ್, ವೇಗ 2 ಮೆಗಾಹರ್ಟ್ಜ್. ಮಾಡೆಲ್ ಬಿ ಆದರೆ ಮೆಮೊರಿ 32 ಕೆಬಿ. ಅದರ ಜೊತೆಗೆ ಚಿಪ್‌ನಲ್ಲೇ ಶಾಶ್ವತವಾಗಿ ಬರೆದಿಟ್ಟ ಎರಡು ಪ್ರೋಗ್ರಾಂ, ತಲಾ 16 ಕೆಬಿ: ಒಂದು ಆಪರೇಟಿಂಗ್ ಸಿಸ್ಟಮ್, ಇನ್ನೊಂದು ಸೋಫಿ ವಿಲ್ಸನ್ ಬರೆದ ಬೇಸಿಕ್, ಅಂದರೆ ಪ್ರೋಗ್ರಾಂ ಬರೆಯುವ ಭಾಷೆ. ಸ್ವಿಚ್ ಹಾಕಿದರೆ ಎರಡು ಸ್ವರದ ಒಂದು ಬೀಪ್, ಆಮೇಲೆ ಬೇಸಿಕ್ ರೆಡಿ. ಇವತ್ತಿನ ಯಾವ ಲ್ಯಾಪ್‌ಟಾಪೂ ಅಷ್ಟು ಬೇಗ ಕೆಲಸಕ್ಕೆ ನಿಲ್ಲುವುದಿಲ್ಲ, ಅಲ್ವಾ?

ಮೇಷ್ಟ್ರು ಅದರಲ್ಲಿ ಬರೆದದ್ದು ಮಳೆ ಲೆಕ್ಕ. ಶಾಲೆಯ ಅಂಗಳದಲ್ಲಿ ಒಂದು ಮಳೆ ಮಾಪಕ ಇತ್ತು. ಮಕ್ಕಳು ದಿನಾ ಬೆಳಿಗ್ಗೆ ಅಳೆದು ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದರು. ಮೇಷ್ಟ್ರು ಆ ಅಂಕಿಗಳನ್ನು ಪ್ರೋಗ್ರಾಂನ ಡೇಟಾ ಸಾಲುಗಳಲ್ಲಿ ತುಂಬಿ, ತಿಂಗಳ ಪ್ರಕಾರ ಬಣ್ಣದ ಕಂಬಗಳು ಏಳುವ ಹಾಗೆ ಮಾಡಿದ್ದರು. ಶಾಲೆಯಲ್ಲಿ ಡಿಸ್ಕ್ ಡ್ರೈವ್ ಇರಲಿಲ್ಲ. ಎಲ್ಲ ಉಳಿಸಿದ್ದು ಮಾಮೂಲಿ ಹಾಡಿನ ಕ್ಯಾಸೆಟ್‌ನಲ್ಲೇ.

"ರಿಜಿಸ್ಟರ್ ಗೆದ್ದಲು ತಿಂದು ಹೋಯ್ತು ಮಾರಾಯ. ಇದರಲ್ಲಿ ಉಂಟು ಎಲ್ಲ. ಓದ್ಲಿಕ್ಕೆ ಬರ್ತದಾ ನೋಡು" ಅಂದರು. ಅಂದರೆ ಇದು ಸುಮ್ನೆ ಹಳೆ ನೆನಪಿನ ಆಟ ಅಲ್ಲ. ಆ ಊರಿನ ಕೆಲವು ವರ್ಷಗಳ ಮಳೆಯ ಲೆಕ್ಕ ಉಳಿದಿದ್ದರೆ ಆ ಕ್ಯಾಸೆಟ್‌ನಲ್ಲೇ.

ಪ್ರೋಗ್ರಾಂ ಬೇಕಾಗಿದ್ದ ಜಾಗಗಳು ನಾಲ್ಕು. ಮೇಷ್ಟ್ರ ಮನೆಯ ವಿಂಡೋಸ್ ಲ್ಯಾಪ್‌ಟಾಪ್. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗಳ ಉಬುಂಟು ಲಿನಕ್ಸ್ ಲ್ಯಾಪ್‌ಟಾಪ್. ಊರಿನ ಹೈಸ್ಕೂಲಿನ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್. ಬೆಂಗಳೂರಿನಲ್ಲಿರುವ ಮಗನ ಮ್ಯಾಕ್.

ಧ್ವನಿಯಿಂದ ಫೈಲಿಗೆ

ಎಮ್ಯುಲೇಟರ್‌ಗೆ ಕೈ ಹಾಕುವ ಮೊದಲು ಕ್ಯಾಸೆಟ್ ಓದಬೇಕು. ಕ್ಯಾಸೆಟ್ ಮನೆ ದಾಟಕೂಡದು ಅನ್ನುವುದು ಮೇಷ್ಟ್ರ ಷರತ್ತು. ನ್ಯಾಯವಾದ ಷರತ್ತೇ. ಹಾಗಾಗಿ ಶಿವಮೊಗ್ಗದಲ್ಲಿ ಬೆಲ್ಟ್ ಬದಲಾಯಿಸಿ, ಹೆಡ್ ಒರೆಸಿ ಸರಿಮಾಡಿಸಿದ ಒಂದು ಟೇಪ್ ಡೆಕ್ ಹೊತ್ತುಕೊಂಡು ನಾನೇ ಹೋದೆ.

ಮಲೆನಾಡಿನ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಬರುತ್ತದೆ. ಅದನ್ನು ಹಾಗೇ ಓಡಿಸಿದರೆ ಹೆಡ್‌ಗೆ ಮೆತ್ತಿಕೊಂಡು ಧ್ವನಿ ಮಂಕಾಗುತ್ತದೆ. ಈ ಕ್ಯಾಸೆಟ್ ಒಲೆಯ ಮೇಲಿನ ಅಟ್ಟದಲ್ಲಿ ತಗಡಿನ ಡಬ್ಬಿಯೊಳಗೆ ಇದ್ದದ್ದರಿಂದ ಬೂಸ್ಟು ಕಡಿಮೆ ಇತ್ತು. ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿಸಿ, ಹೆಡ್ ಮತ್ತೆ ಒರೆಸಿ, ಆಮೇಲೆ ರೆಕಾರ್ಡಿಂಗ್.

ಬಿಬಿಸಿ ಮೈಕ್ರೊ ಟೇಪಿನ ಮೇಲೆ ಬರೆಯುವ ರೀತಿ ಸರಳ. 0 ಅಂದರೆ 1200 ಹರ್ಟ್ಜ್‌ನ ಒಂದು ಅಲೆ. 1 ಅಂದರೆ 2400 ಹರ್ಟ್ಜ್‌ನ ಎರಡು ಅಲೆ. ಎರಡಕ್ಕೂ ಹಿಡಿಯುವ ಸಮಯ ಒಂದೇ, ಸೆಕೆಂಡಿಗೆ 1200 ಬಿಟ್. ಪ್ರತಿ ಬೈಟ್‌ಗೆ ಶುರುವಿನದೊಂದು, ಕೊನೆಯದೊಂದು ಬಿಟ್ ಸೇರಿ ಹತ್ತು. ಪ್ರೋಗ್ರಾಮನ್ನು 256 ಬೈಟ್‌ನ ಬ್ಲಾಕ್‌ಗಳಾಗಿ ಕತ್ತರಿಸಿ, ಒಂದೊಂದರ ತಲೆಗೂ ಫೈಲಿನ ಹೆಸರು, ಬ್ಲಾಕ್ ನಂಬರ್, ತಪ್ಪು ಹಿಡಿಯುವ ಸಿಆರ್‌ಸಿ ಅಂಕಿ ಹಾಕಿರುತ್ತದೆ. ಈ ಸಿಆರ್‌ಸಿ ನಮ್ಮ ಪಾಲಿನ ದೇವರು. ಓದಿದ್ದು ಸರಿಯೋ ತಪ್ಪೋ ಅನ್ನುವುದರಲ್ಲಿ ಅನುಮಾನಕ್ಕೆ ಜಾಗ ತೀರಾ ಕಡಿಮೆ.

ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿಗೆ ಡೆಕ್ ಜೋಡಿಸಬೇಡಿ. ಅಲ್ಲಿರುವುದು ಮೈಕ್ ಇನ್‌ಪುಟ್. ಡೆಕ್‌ನಿಂದ ಬರುವ ಸಿಗ್ನಲ್ ಅದಕ್ಕೆ ಜಾಸ್ತಿಯಾಗಿ ಅಲೆಯ ತಲೆ ಚಪ್ಪಟೆಯಾಗುತ್ತದೆ. ಲೈನ್-ಇನ್ ಇರುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಬಳಸಿದೆವು. ಡಾಲ್ಬಿ ಆಫ್. ಧ್ವನಿ ರೆಕಾರ್ಡ್ ಮಾಡುವ ಆಡಾಸಿಟಿ ಪ್ರೋಗ್ರಾಂನಲ್ಲಿ 44,100 ಹರ್ಟ್ಜ್, ಮೊನೊ. ಆಮೇಲೆ ಹೆಡ್ ಪಕ್ಕದ ಪುಟ್ಟ ಸ್ಕ್ರೂ. ಬೇರೆ ಯಾವುದೋ ರೆಕಾರ್ಡರ್‌ನಲ್ಲಿ ಬರೆದ ಟೇಪನ್ನು ಈ ಡೆಕ್ ಓದುವಾಗ ಹೆಡ್‌ನ ಓರೆ ಹೊಂದುವುದಿಲ್ಲ. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಶಬ್ದ ಅತ್ಯಂತ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಬೇಕು. ಮನೆಯವರೆಲ್ಲ ಕಿವಿ ಮುಚ್ಚಿಕೊಂಡರು. ಮೇಷ್ಟ್ರು ಮಾತ್ರ ಹತ್ತಿರ ಬಂದು ಕೂತರು.

ಧ್ವನಿ ಫೈಲನ್ನು ಯುಇಎಫ್ ಅನ್ನುವ ರೂಪಕ್ಕೆ ಬದಲಾಯಿಸಬೇಕು. ಬಿಬಿಸಿ ಎಮ್ಯುಲೇಟರ್‌ಗಳು ಓದುವ ಟೇಪ್ ಫೈಲು ಇದು. ಇಲ್ಲಿ ಒಂದು ವಿಚಿತ್ರ ತೊಡಕು ಬಂತು. ಬದಲಾಯಿಸುವ ಹಳೆಯ ಕಮ್ಯಾಂಡ್ ಟೂಲ್, ಫೈಲೇ ಇಲ್ಲ ಅಂದಿತು. ಫೈಲು ಕಣ್ಣೆದುರೇ ಇದೆ. ಕಾರಣ ಏನೆಂದರೆ, ಆ ಲ್ಯಾಪ್‌ಟಾಪ್‌ನಲ್ಲಿ ಮೊಮ್ಮಗಳು ಪ್ರೀತಿಯಿಂದ ಯೂಸರ್ ಹೆಸರನ್ನು ಕನ್ನಡದಲ್ಲೇ "ಅಜ್ಜ" ಅಂತ ಇಟ್ಟಿದ್ದಳು. ಹಾಗಾಗಿ ಡಾಕ್ಯುಮೆಂಟ್ಸ್ ಫೋಲ್ಡರ್‌ನ ದಾರಿಯಲ್ಲಿ ಕನ್ನಡ ಅಕ್ಷರ ಇತ್ತು. ಯೂನಿಕೋಡ್ ಬಳಸದೆ ಹಳೆ ವಿಧಾನದಲ್ಲಿ ಫೈಲು ತೆರೆಯುವ ವಿಂಡೋಸ್ ಪ್ರೋಗ್ರಾಂಗಳಿಗೆ ಇಂಥ ದಾರಿ ಕಾಣುವುದೇ ಇಲ್ಲ. ಸಿ ಡ್ರೈವ್‌ನಲ್ಲಿ ನೇರ ಒಂದು ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡಿ ಅಲ್ಲಿಟ್ಟ ಕೂಡಲೇ ಕೆಲಸ ಆಯಿತು. ಅಜ್ಜನ ಹೆಸರು ಬದಲಾಯಿಸಬೇಕಾಗಲಿಲ್ಲ. ಕನ್ನಡದಲ್ಲಿ ಹೆಸರಿಟ್ಟವರು ಇದನ್ನು ನೆನಪಿಟ್ಟುಕೊಳ್ಳಿ. ಹೆಸರಿಡುವುದನ್ನು ಮಾತ್ರ ಬಿಡಬೇಡಿ.

ಪ್ರೋಗ್ರಾಂ 28 ಬ್ಲಾಕ್, ಅಂದರೆ 7 ಕೆಬಿ. ಟೇಪಿನಲ್ಲಿ ಒಂದೂವರೆ ನಿಮಿಷದ ಆಸುಪಾಸು. ನಡುವೆ ಒಂದು ಬ್ಲಾಕ್ ಸಿಆರ್‌ಸಿ ಹೊಂದಲಿಲ್ಲ. ಆದರೆ ಮೇಷ್ಟ್ರು ಪ್ರತಿ ಪ್ರೋಗ್ರಾಮನ್ನೂ ಎರಡು ಸಲ ಸೇವ್ ಮಾಡುವ ಅಭ್ಯಾಸದವರು. ಒಂದರ ಹಿಂದೆ ಒಂದು. ಬ್ಲಾಕ್‌ಗಳ ನಡುವೆ ಒಂದೇ ಸಮನೆ ಕೂಗುವ 2400 ಹರ್ಟ್ಜ್‌ನ ಬಿಡುವು ಇರುತ್ತದೆ. ಆಡಾಸಿಟಿಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಎರಡನೇ ಪ್ರತಿಯಿಂದ ಆ ಒಂದು ಬ್ಲಾಕ್ ಕತ್ತರಿಸಿ ಮೊದಲನೆಯದರಲ್ಲಿ ಅಂಟಿಸಿದೆವು. 28 ಬ್ಲಾಕೂ ಸರಿಹೋಯಿತು.

ಲಿನಕ್ಸ್‌ನಲ್ಲಿ ಕಟ್ಟಿದ್ದು

ಬಿಬಿಸಿ ಮೈಕ್ರೊಗೆ ಎಮ್ಯುಲೇಟರ್‌ಗಳಿಗೆ ಬರವಿಲ್ಲ. ಬೀಬ್‌ಎಮ್ 1990ರ ದಶಕದಿಂದ ಇದೆ, ಈಗ ಮುಖ್ಯವಾಗಿ ವಿಂಡೋಸ್‌ನದು. ಬಿ-ಎಮ್ ಅನ್ನುವುದು ಬೇರೆ, ಅದರ ಸೋರ್ಸನ್ನು, ಅಂದರೆ ಮೂಲ ಕೋಡನ್ನು, ಲಿನಕ್ಸ್‌ನಲ್ಲಿ ಸುಲಭವಾಗಿ ಕಟ್ಟಬಹುದು. ಜೆಎಸ್‌ಬೀಬ್ ಬ್ರೌಸರ್‌ನಲ್ಲೇ ಓಡುತ್ತದೆ. ಮೊಮ್ಮಗಳ ಲ್ಯಾಪ್‌ಟಾಪ್‌ಗೂ ಶಾಲೆಯ ಪೈಗೂ ಒಂದೇ ಎಮ್ಯುಲೇಟರ್ ಇರಲಿ ಅಂತ ಬಿ-ಎಮ್ ಆರಿಸಿದೆವು. ಸೋರ್ಸ್‌ನಿಂದ ಕಟ್ಟುವುದನ್ನು ಅವಳಿಗೆ ಕಲಿಯಬೇಕೂ ಇತ್ತು.

ಗಿಟ್‌ನಿಂದ ಇಳಿಸಿಕೊಂಡ ಸೋರ್ಸ್‌ನಲ್ಲಿ, ಕಟ್ಟಲು ಬೇಕಾದ್ದೆಲ್ಲ ಇದೆಯಾ ಅಂತ ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ಇರುವುದಿಲ್ಲ. ಅದನ್ನು ಆಟೋಕಾನ್ಫ್, ಆಟೋಮೇಕ್ ಬಳಸಿ ನಾವೇ ಹುಟ್ಟಿಸಬೇಕು. ಹೊಸಬರು ನಿಲ್ಲುವ ಮೊದಲ ಜಾಗ ಇದೇ. ಕಾನ್ಫಿಗರ್ ಇಲ್ಲ ಅಂದ ತಕ್ಷಣ ಡೌನ್‌ಲೋಡ್ ಸರಿಯಾಗಿಲ್ಲ ಅಂದುಕೊಂಡು ಮತ್ತೆ ಮತ್ತೆ ಇಳಿಸುತ್ತಾರೆ.

ಎರಡನೇ ಜಾಗ ಅಲೆಗ್ರೊ. ಬಿ-ಎಮ್ ಪರದೆ, ಧ್ವನಿ, ಕೀಬೋರ್ಡ್ ಎಲ್ಲಕ್ಕೂ ಅಲೆಗ್ರೊ 5 ಲೈಬ್ರರಿಯನ್ನು ನಂಬಿದೆ. ಅವಳ ಲ್ಯಾಪ್‌ಟಾಪ್‌ನಲ್ಲಿ ಅಲೆಗ್ರೊ ಇತ್ತು. ಆದರೂ ಕಾನ್ಫಿಗರ್ ಅದು ಸಿಗಲಿಲ್ಲ ಅಂದಿತು. ಉಬುಂಟು, ಡೆಬಿಯನ್‌ಗಳಲ್ಲಿ ಒಂದು ಲೈಬ್ರರಿ ಎರಡು ಪ್ಯಾಕೇಜ್ ಆಗಿ ಬರುತ್ತದೆ. ಓಡಿಸಲು ಬೇಕಾದ್ದು ಒಂದು. ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲುಗಳಿರುವುದು ಇನ್ನೊಂದು, ಹೆಸರಿನ ಕೊನೆಯಲ್ಲಿ ಡೆವ್ ಅಂತ ಇರುತ್ತದೆ. ಫೆಡೋರಾದಲ್ಲಾದರೆ ಡೆವೆಲ್. ಅಲೆಗ್ರೊದ ವಿಷಯದಲ್ಲಿ ಇನ್ನೂ ಒಂದು ಸಂಗತಿ: ಆಡಿಯೊ, ಆಡಿಯೊ ಕೋಡೆಕ್, ಚಿತ್ರ, ಡಯಲಾಗ್ ಪೆಟ್ಟಿಗೆ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಡೆವ್ ಪ್ಯಾಕೇಜ್. ಮುಖ್ಯದ್ದು ಒಂದೇ ಹಾಕಿದರೆ ಸಾಲದು. ಝಡ್‌ಲಿಬ್‌ನ ಡೆವ್ ಕೂಡ ಬೇಕು. ಯುಇಎಫ್ ಫೈಲು ಸಾಮಾನ್ಯವಾಗಿ ಜಿಜಿಪ್‌ನಲ್ಲಿ ಅದುಮಿಟ್ಟದ್ದು. ಅದನ್ನು ಬಿಚ್ಚುವುದು ಝಡ್‌ಲಿಬ್.

ಅವಳು ಪರದೆಯ ಕೊನೆ ಸಾಲು ಓದಿ "ಎರರ್ 1 ಅಂತಿದೆ, ಅಷ್ಟೇ ಮಾಮ" ಅನ್ನುತ್ತಿದ್ದಳು. ಕಟ್ಟುವ ಕೆಲಸ ನಡೆಸುವ ಮೇಕ್ ಕಮ್ಯಾಂಡ್ ಕೊನೆಯಲ್ಲಿ ಹೇಳುವುದು ತಾನು ನಿಂತೆ ಅನ್ನುವುದನ್ನು ಮಾತ್ರ. ಯಾಕೆ ಅನ್ನುವುದು ಮೇಲೆ, ಎರರ್ ಅನ್ನುವ ಪದ ಮೊದಲ ಸಲ ಕಾಣುವ ಸಾಲಿನಲ್ಲಿ ಇರುತ್ತದೆ. ಇಂಥ ಫೈಲು ಇಲ್ಲ ಅಂತ ಒಂದು ಹೆಡರ್‌ನ ಹೆಸರು ಹೇಳಿದರೆ ಡೆವ್ ಪ್ಯಾಕೇಜ್ ಬೇಕು. ಅನ್‌ಡಿಫೈನ್ಡ್ ರೆಫರೆನ್ಸ್ ಅಂದರೆ ಹೆಡರ್ ಸಿಕ್ಕಿದೆ, ಕೊನೆಗೆ ಜೋಡಿಸುವಾಗ ಲೈಬ್ರರಿ ಸಿಕ್ಕಿಲ್ಲ. ಈ ಎರಡರ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕಂಪೈಲ್ ಕಲಿತ ಹಾಗೆ. ಪ್ಯಾಕೇಜ್ ಹಾಕಿದ ಮೇಲೆ ಕಾನ್ಫಿಗರ್ ಮತ್ತೆ ಓಡಿಸಬೇಕು. ಮೊದಲು ನೋಡಿದಾಗ ಇಲ್ಲ ಅಂತ ಬರೆದಿಟ್ಟದ್ದನ್ನು ಅದು ತಾನಾಗಿ ತಿದ್ದಿಕೊಳ್ಳುವುದಿಲ್ಲ.

ಕಟ್ಟಿ ಮುಗಿಯಿತು. ಕಿಟಕಿ ತೆರೆಯಿತು. ಆ ಬೀಪ್ ಬಂತು. ಮಾಡೆಲ್ ಮೆನುವಿನಲ್ಲಿ ಹತ್ತಾರು ಯಂತ್ರಗಳ ಹೆಸರು. ಅವಳು ಮಾಸ್ಟರ್ 128 ಆರಿಸಿದಳು. ಹೊಸದು, ಮೆಮೊರಿ ಜಾಸ್ತಿ, ಒಳ್ಳೇದೇ ಇರಬೇಕು ಅನ್ನುವ ಲೆಕ್ಕ. ಡಿಸ್ಕ್ ಬಿಟ್ಟು ಟೇಪ್ ಬಳಸು ಅನ್ನುವ ಸ್ಟಾರ್ ಟೇಪ್ (*TAPE) ಹೊಡೆದು, ಲೋಡ್ ಮಾಡಿ ಓಡಿಸುವ ಚೈನ್ ಕೊಟ್ಟು, ಯುಇಎಫ್ ಫೈಲು ಹಾಕಿದಳು. ಬ್ಲಾಕ್ ನಂಬರ್ ಒಂದೊಂದಾಗಿ ಏರಿತು, ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದ ಅಂಕಿಯಲ್ಲಿ, 0ಯಿಂದ 1ಬಿ ವರೆಗೆ, ಒಟ್ಟು 28. ಜೂನ್, ಜುಲೈ, ಆಗಸ್ಟ್ ಕಂಬಗಳು ಎದ್ದವು. ಅಜ್ಜನಿಗೆ ವಿಡಿಯೊ ಹೋಯಿತು.

ಶಾಲೆಯ ಪೈ

ಶಾಲೆಯಲ್ಲಿ ಇದ್ದದ್ದು ರಾಸ್ಪ್‌ಬೆರಿ ಪೈ 3, ಮೆಮೊರಿ 1 ಜಿಬಿ. ನೆಟ್ ಇಲ್ಲ. ಮಳೆಗಾಲದಲ್ಲಿ ಆ ಕಡೆ ಮೊಬೈಲ್ ಸಿಗ್ನಲ್ ನಂಬಿ ಕೆಲಸ ಹಿಡಿಯುವಂತಿಲ್ಲ. ಅಲೆಗ್ರೊ ಪ್ಯಾಕೇಜ್‌ಗಳನ್ನು ಪೈಯನ್ನೇ ಮನೆಗೆ ತಂದು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮೊದಲೇ ಹಾಕಿಟ್ಟಿದ್ದೆವು. ಸೋರ್ಸ್ ಮಾತ್ರ ಮೊಮ್ಮಗಳು ತನ್ನ ಲ್ಯಾಪ್‌ಟಾಪ್‌ನ ಫೋಲ್ಡರನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿ ತಂದಳು.

ಈ ಒಂದು ಕಾಪಿಯಲ್ಲಿ ಮೂರು ಪಾಠ ಇದ್ದವು. ಪೆನ್‌ಡ್ರೈವ್ ಫ್ಯಾಟ್ ರೂಪದ್ದು. ಅದಕ್ಕೆ ಲಿನಕ್ಸ್‌ನ ಪರ್ಮಿಷನ್‌ಗಳು ಗೊತ್ತಿಲ್ಲ. ಸ್ಕ್ರಿಪ್ಟ್‌ಗಳು ಓಡುವ ಹಕ್ಕು ಕಳೆದುಕೊಂಡು ಬಂದವು. ಟಾರ್ ಮಾಡಿ ಒಂದೇ ಗಂಟು ಕಟ್ಟಿ ತಂದರೆ ಈ ತೊಂದರೆ ಇಲ್ಲ.

ಎರಡನೆಯದು, ಫೋಲ್ಡರಿನಲ್ಲಿ ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಆದ ಆಬ್ಜೆಕ್ಟ್ ಫೈಲುಗಳೂ ಇದ್ದವು. ಪೈಯಲ್ಲಿ ಮೇಕ್ ಅಂದರೆ, ಮಾಡಲು ಏನೂ ಇಲ್ಲ ಅನ್ನುವ ಉತ್ತರ ಬಂತು. ಸರಿ ಅಂತ ಓಡಿಸಿದರೆ ಎಕ್ಸೆಕ್ ಫಾರ್ಮ್ಯಾಟ್ ಎರರ್. ಲ್ಯಾಪ್‌ಟಾಪ್ ಪ್ರೊಸೆಸರ್‌ನ ಭಾಷೆ ಬೇರೆ, ಪೈಯ ಆರ್ಮ್ ಪ್ರೊಸೆಸರ್‌ನ ಭಾಷೆ ಬೇರೆ. ಮೇಕ್ ನೋಡುವುದು ಫೈಲಿನ ತಾರೀಕು ಮಾತ್ರ, ಯಾವ ಪ್ರೊಸೆಸರ್‌ಗೆ ಕಟ್ಟಿದ್ದು ಅಂತ ಅಲ್ಲ. ಮೇಕ್ ಕ್ಲೀನ್ ಮಾಡಿ, ಕಾನ್ಫಿಗರ್ ಮತ್ತೆ ಓಡಿಸಿ, ಹೊಸದಾಗಿ ಕಟ್ಟಬೇಕು.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಹೊಸದಾಗಿ ಕಟ್ಟಲು ಹೋದರೆ, ಫೈಲುಗಳ ತಾರೀಕು ಭವಿಷ್ಯದಲ್ಲಿದೆ, ಕ್ಲಾಕ್ ಸ್ಕ್ಯೂ, ಬಿಲ್ಡ್ ಅರ್ಧ ಆಗಿರಬಹುದು ಅಂತ ಎಚ್ಚರಿಕೆ. ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ನೆಟ್ ಸಿಕ್ಕರೆ ಸಮಯ ಕೇಳಿಕೊಳ್ಳುತ್ತದೆ. ಇಲ್ಲವಾದರೆ ಕಳೆದ ಸಲ ಆಫ್ ಮಾಡಿದ ಹೊತ್ತಿನಿಂದಲೇ ಎಣಿಸಲು ಶುರು ಮಾಡುತ್ತದೆ. ನೆಟ್ ಇಲ್ಲದ ಆ ಕೋಣೆಯಲ್ಲಿ ಅದರ ಕ್ಯಾಲೆಂಡರ್ ಹಿಂದೆ ಬಿದ್ದಿತ್ತು. ಮೇಕ್ ಬದುಕುವುದೇ ತಾರೀಕಿನ ಮೇಲೆ. ಡೇಟ್ ಕಮ್ಯಾಂಡ್‌ನಿಂದ ಕೈಯಾರೆ ಸಮಯ ಹಾಕಿದ ಮೇಲೆ ತಣ್ಣಗೆ ಕಟ್ಟಿತು. ಮೆಮೊರಿ ಕಡಿಮೆ ಅಂತ ಒಟ್ಟಿಗೆ ಎರಡೇ ಕೆಲಸ ಓಡಿಸಲು ಹೇಳಿದ್ದೆವು. ನಿಧಾನ, ಆದರೆ ನಿಲ್ಲಲಿಲ್ಲ.

ಮನೆಯ ವಿಂಡೋಸ್, ಮತ್ತು ಬ್ಯಾಡ್ ಮೋಡ್

ವಿಂಡೋಸ್‌ನಲ್ಲಿ ಕಂಪೈಲ್ ಮಾಡುವ ಯೋಚನೆಯನ್ನೇ ಮಾಡಲಿಲ್ಲ. ಬೀಬ್‌ಎಮ್ ಕಟ್ಟಲು ವಿಷುಯಲ್ ಸ್ಟುಡಿಯೊ ಬೇಕು. ಅದು ಜಿಬಿಗಟ್ಟಲೆ ಡೌನ್‌ಲೋಡ್. ಕೋಡ್ ತಿದ್ದುವ ಉದ್ದೇಶ ಇಲ್ಲದಿದ್ದರೆ ಅದು ದಂಡ ಅಂತಲೇ ನನ್ನ ಅಭಿಪ್ರಾಯ. ರೆಡಿ ಇನ್‌ಸ್ಟಾಲರ್ ಇದೆ, ಆಪರೇಟಿಂಗ್ ಸಿಸ್ಟಮ್ ಮತ್ತು ಬೇಸಿಕ್‌ನ ಚಿಪ್ ಫೈಲುಗಳು ಅದರ ಜೊತೆಗೇ ಬರುತ್ತವೆ. ಎಲ್ಲ ಎಮ್ಯುಲೇಟರ್‌ಗೂ ಈ ಭಾಗ್ಯ ಇಲ್ಲ. ಕಮೊಡೋರ್ 64ರ ವೈಸ್ ಎಮ್ಯುಲೇಟರ್ ಡೆಬಿಯನ್‌ನಲ್ಲಿ ಚಿಪ್ ಫೈಲುಗಳಿಲ್ಲದೆ ಬರುತ್ತದೆ, ನಾವೇ ಹುಡುಕಿ ಹಾಕಬೇಕು.

ಇನ್‌ಸ್ಟಾಲ್ ಆಯಿತು. ಟೇಪ್ ಲೋಡ್ ಆಯಿತು. ಶೀರ್ಷಿಕೆಯ ಪರದೆಯೂ ಬಂತು. ಗ್ರಾಫ್ ಬರಬೇಕಾದ ಜಾಗದಲ್ಲಿ ಬ್ಯಾಡ್ ಮೋಡ್ ಅಂತ ಹೇಳಿ ನಿಂತುಬಿಟ್ಟಿತು.

"ಎಂತ ಮಾರಾಯ, ಶಿವಮೊಗ್ಗದಲ್ಲಿ ಓಡಿದ್ದು ಇಲ್ಲಿ ಓಡುವುದಿಲ್ಲ ಅಂದರೆ?" ಅಂತ ಮೇಷ್ಟ್ರು. "ವಿಂಡೋಸ್ ಅಲ್ವಾ ಅಜ್ಜ" ಅಂತ ಮೊಮ್ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು. ಅಂಟಿಸಿದ ಆ ಬ್ಲಾಕ್ ಮೇಲೂ ಅನುಮಾನ ಬಂತು. ಆದರೆ ಸಿಆರ್‌ಸಿ ಸರಿ ಇತ್ತು. ಫೈಲು ಅದೇ, ಒಂದು ಬೈಟ್ ಕೂಡ ಬೇರೆ ಅಲ್ಲ.

ಗುಟ್ಟು ಬಿಚ್ಚಿದ್ದು ಶಾಲೆಯ ಪೈ. ಅಲ್ಲಿಯೂ ಅದೇ ಬ್ಯಾಡ್ ಮೋಡ್. ಪೈ ಓಡಿಸುವುದು ಲಿನಕ್ಸ್. ಎಮ್ಯುಲೇಟರ್ ಬಿ-ಎಮ್, ಲ್ಯಾಪ್‌ಟಾಪ್‌ನಲ್ಲಿದ್ದ ಸೋರ್ಸೇ. ಅಲ್ಲಿಗೆ ವಿಂಡೋಸ್ ಮೇಲಿನ ಆರೋಪ ಬಿದ್ದುಹೋಯಿತು. ಸಿಸ್ಟಮ್ ಬೇರೆಯಾದರೂ ತಪ್ಪು ಒಂದೇ, ಸಿಸ್ಟಮ್ ಒಂದೇ ಆದರೂ ಫಲ ಬೇರೆ. ಅಂದ ಮೇಲೆ ನೋಡಬೇಕಾದ್ದು ಒಳಗಿನ ಯಂತ್ರವನ್ನು.

ಪೇಜ್ ಎಷ್ಟು ಅಂತ ಬೇಸಿಕ್‌ನಲ್ಲೇ ಕೇಳಿದೆವು. ಪೇಜ್ ಅಂದರೆ ಮೆಮೊರಿಯಲ್ಲಿ ಬೇಸಿಕ್ ಪ್ರೋಗ್ರಾಂ ಶುರುವಾಗುವ ಜಾಗ. ಮನೆಯ ಲ್ಯಾಪ್‌ಟಾಪ್ ಮತ್ತು ಪೈ ಎರಡೂ ಹೆಕ್ಸ್‌ನಲ್ಲಿ 1900 ಅಂದವು. ಮೊಮ್ಮಗಳ ಲ್ಯಾಪ್‌ಟಾಪ್ ಇ00 ಅಂದಿತು. ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು.

ಲೆಕ್ಕ ಹೀಗೆ. ಮಾಡೆಲ್ ಬಿಯ ಮೆಮೊರಿ 32,768 ಬೈಟ್. ಪರದೆಯ ಚಿತ್ರಕ್ಕೂ ಜಾಗ ಇದರಲ್ಲೇ. ಎಷ್ಟು ಜಾಗ ಅನ್ನುವುದು ಮೋಡ್, ಅಂದರೆ ಪರದೆಯ ಬಗೆ, ಯಾವುದು ಅನ್ನುವುದರ ಮೇಲೆ. ಶೀರ್ಷಿಕೆ ಬರುವ ಮೋಡ್ 7 ಬರೀ ಅಕ್ಷರಗಳದ್ದು, 1 ಕೆಬಿ ಸಾಕು. ಅದಕ್ಕೇ ಅದು ತೊಂದರೆ ಇಲ್ಲದೆ ಬಂತು. ಗ್ರಾಫ್ ಬರುವುದು ಮೋಡ್ 1ರಲ್ಲಿ, ನಾಲ್ಕು ಬಣ್ಣ, ಅದಕ್ಕೆ 20 ಕೆಬಿ, ಅಂದರೆ 20,480 ಬೈಟ್. ಹಾಗಾದರೆ ಪ್ರೋಗ್ರಾಂ 12,288ರ ಗೆರೆಯ ಕೆಳಗೇ ಮುಗಿಯಬೇಕು. ಕ್ಯಾಸೆಟ್ ಮಾತ್ರ ಇರುವ ಮಾಡೆಲ್ ಬಿಯಲ್ಲಿ ಪೇಜ್ ಇರುವುದು ಇ00ರಲ್ಲಿ, ಅಂದರೆ 3,584. ಉಳಿಯುವ ಜಾಗ 8,704 ಬೈಟ್. ಮೇಷ್ಟ್ರ ಪ್ರೋಗ್ರಾಂ 7,168. ಹಿಡಿಸುತ್ತದೆ, ವೇರಿಯೇಬಲ್‌ಗಳಿಗೂ ಒಂದೂವರೆ ಕೆಬಿ ಉಳಿಯುತ್ತದೆ. ಎಷ್ಟು ಅಳತೆ ಮಾಡಿ ಬರೆದಿದ್ದರು ನೋಡಿ.

ಡಿಸ್ಕ್ ಡ್ರೈವ್ ಜೋಡಿಸಿದ ಮಾಡೆಲ್ ಬಿಯಲ್ಲಿ ಡಿಎಫ್‌ಎಸ್ ಅನ್ನುವ ಇನ್ನೊಂದು ಚಿಪ್ ಇರುತ್ತದೆ. ಅದು ಡಿಸ್ಕಿನ ಫೈಲು ಪಟ್ಟಿ, ತೆರೆದ ಫೈಲುಗಳ ಲೆಕ್ಕ ಇಡಲು 2,816 ಬೈಟ್ ತಾನು ಇಟ್ಟುಕೊಳ್ಳುತ್ತದೆ. ಪೇಜ್ 1900ಕ್ಕೆ, ಅಂದರೆ 6,400ಕ್ಕೆ ಏರುತ್ತದೆ. ಉಳಿಯುವುದು 5,888. ಮೇಷ್ಟ್ರ ಪ್ರೋಗ್ರಾಂ ಅದರಲ್ಲಿ ಹಿಡಿಸುವುದಿಲ್ಲ. ಮೋಡ್ 1ಕ್ಕೆ ಹೋದರೆ ಪರದೆ ಪ್ರೋಗ್ರಾಂ ಮೇಲೇ ಬೀಳಬೇಕು. ಬೇಸಿಕ್ ಅದಕ್ಕೆ ಒಪ್ಪದೆ ಬ್ಯಾಡ್ ಮೋಡ್ ಅಂದಿತು.

ಎಮ್ಯುಲೇಟರ್ ಬಳಸುವವರಲ್ಲಿ ಹೆಚ್ಚಿನವರಿಗೆ ಬೇಕಾದ್ದು ಡಿಸ್ಕಿನ ಆಟಗಳು. ಹಾಗಾಗಿ ಡಿಎಫ್‌ಎಸ್ ಮೊದಲೇ ಹಾಕಿರುತ್ತಾರೆ. ಪೈಯಲ್ಲಿ ನಾವು ಆರಿಸಿದ್ದ ಮಾಡೆಲ್ ಬಿಯಲ್ಲೂ ಡಿಸ್ಕ್ ಇತ್ತು. ಶುರುವಿನ ಪರದೆಯಲ್ಲೇ ಬಿಬಿಸಿ ಕಂಪ್ಯೂಟರ್ 32ಕೆ ಅನ್ನುವುದರ ಕೆಳಗೆ ಡಿಎಫ್‌ಎಸ್ ಅಂತ ಒಂದು ಸಾಲು ಇರುತ್ತದೆ. ಮೊಮ್ಮಗಳ ಮಾಸ್ಟರ್ 128 ಬಂದದ್ದು 1986ರಲ್ಲಿ. ಅದರಲ್ಲಿ ಡಿಸ್ಕಿನ ಲೆಕ್ಕಕ್ಕೆ ಬೇರೆ ಮೆಮೊರಿ ಇರುವುದರಿಂದ ಡಿಸ್ಕ್ ಇದ್ದರೂ ಪೇಜ್ ಇ00ರಲ್ಲೇ ಉಳಿಯುತ್ತದೆ. ಅವಳು ಆರಿಸಿದ್ದು ಬೇರೆ ಕಾರಣಕ್ಕೆ, ಓಡಿದ್ದು ಬೇರೆ ಕಾರಣಕ್ಕೆ. ಮೇಷ್ಟ್ರ ಶಾಲೆಯ ನಿಜವಾದ ಯಂತ್ರ, ಡಿಸ್ಕ್ ಇಲ್ಲದ ಮಾಡೆಲ್ ಬಿ, ಮೂರು ಕಡೆಯಲ್ಲಿ ಎಲ್ಲೂ ಇರಲಿಲ್ಲ.

ಪರಿಹಾರಕ್ಕೆ ಎರಡು ದಾರಿ. ಎಮ್ಯುಲೇಟರ್‌ನ ಸೆಟ್ಟಿಂಗ್‌ನಲ್ಲಿ ಡಿಎಫ್‌ಎಸ್ ಚಿಪ್ ತೆಗೆದುಹಾಕುವುದು ಒಂದು. ಇನ್ನೊಂದು, ಲೋಡ್ ಮಾಡುವ ಮೊದಲು ಸ್ಟಾರ್ ಟೇಪ್ ಹೊಡೆದು, ಪೇಜ್‌ಗೆ ಕೈಯಾರೆ ಇ00 ಕೊಟ್ಟು, ನ್ಯೂ ಅನ್ನುವ ಕಮ್ಯಾಂಡ್ ಹೊಡೆಯುವುದು. ಸ್ಟಾರ್ ಟೇಪ್ ಒಂದೇ ಸಾಲದು, ಅದು ಪೇಜ್ ಇಳಿಸುವುದಿಲ್ಲ. ಎರಡನೇ ದಾರಿ ಹಿಡಿದರೆ ಆ ಹೊತ್ತಿನಲ್ಲಿ ಡಿಸ್ಕ್ ಮುಟ್ಟಬಾರದು. ಮುಟ್ಟಿದರೆ ಡಿಎಫ್‌ಎಸ್ ತನ್ನ ಜಾಗಕ್ಕೆ ಬಂದು ಪ್ರೋಗ್ರಾಂನ ತಲೆಯ ಮೇಲೇ ಬರೆಯುತ್ತದೆ. ಶಾಲೆಯ ಮಕ್ಕಳ ಕೈಗೆ ಕೊಡುವ ಪೈಯಲ್ಲಿ ಚಿಪ್ಪನ್ನೇ ತೆಗೆದೆವು. ಮನೆಯಲ್ಲಿ ಮೇಷ್ಟ್ರು ತಾವೇ ಪೇಜ್ ಹೊಡೆಯುತ್ತೇನೆ ಅಂದರು. ಪುಸ್ತಕ ನೋಡದೆ ಹೊಡೆದರು ಕೂಡ.

ಅಂಕಿಗಳು ಹೊರಗೆ

ಮ್ಯಾಕ್ ವಿಷಯ ಎರಡು ಮಾತು. ಮಗನಿಗೆ ಬೇಕಾದ್ದು ಒಂದು ಸಲ ನೋಡುವುದು. ಅದಕ್ಕೆ ಕಂಪೈಲ್ ಯಾಕೆ? ಜೆಎಸ್‌ಬೀಬ್ ಸಾಕು. ಬ್ರೌಸರ್‌ನಲ್ಲಿ ಮಾಸ್ಟರ್ ಆರಿಸಿ ಯುಇಎಫ್ ಹಾಕಿದರೆ ಆಯಿತು. ಬ್ರೇಕ್ ಕೀ ಎಲ್ಲಿ ಅಂತ ಫೋನ್ ಬಂತು, ಎಫ್12 ಅಂದೆ, ಅಷ್ಟೇ.

ಮುಖ್ಯ ಕೆಲಸ ಡೇಟಾ ಸಾಲುಗಳನ್ನು ಇವತ್ತಿನ ಫೈಲಿಗೆ ತರುವುದು. ಟೇಪಿನಿಂದ ಬಂದ ಪ್ರೋಗ್ರಾಮನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕಸ ಕಾಣುತ್ತದೆ. ಬಿಬಿಸಿ ಬೇಸಿಕ್ ಪ್ರಿಂಟ್, ಡೇಟಾ ಮೊದಲಾದ ಪದಗಳನ್ನು ಒಂದೊಂದು ಬೈಟ್‌ಗೆ ಅದುಮಿ ಇಡುತ್ತದೆ. ಪ್ರಿಂಟ್‌ನ ಬೈಟ್ ಹೆಕ್ಸ್‌ನಲ್ಲಿ ಎಫ್1. ಬಿಡಿಸಿ ಬರೆಯಲು ಬೇಸಿಕ್‌ಗೇ ಹೇಳಬೇಕು. ಬೀಬ್‌ಎಮ್‌ನಲ್ಲಿ ಪ್ರಿಂಟರ್ ಔಟ್‌ಪುಟ್ ಒಂದು ಫೈಲಿಗೆ ಹೋಗುವ ಹಾಗೆ ಮಾಡಿ, ಪ್ರಿಂಟರ್ ಆನ್ ಮಾಡುವ ವಿಡಿಯು 2 ಹೊಡೆದು, ಲಿಸ್ಟ್ ಕೊಟ್ಟು, ಆಫ್ ಮಾಡುವ ವಿಡಿಯು 3 ಹೊಡೆದೆವು. ಪೂರ್ತಿ ಪಟ್ಟಿ ಮಾಮೂಲಿ ಅಕ್ಷರಗಳಲ್ಲಿ ಬಂತು. ಮೊಮ್ಮಗಳು ಅದನ್ನು ಎಕ್ಸೆಲ್‌ಗೆ ಹಾಕಿದಳು. ಮೇಷ್ಟ್ರು ಹೊಸ ರಿಜಿಸ್ಟರ್ ತಂದು ಕೈಯಲ್ಲೇ ಬರೆಯುತ್ತಿದ್ದಾರೆ.

ಪಟ್ಟಿ ನೋಡುತ್ತಾ ಅವರು ತಮ್ಮ ಕೋಡಿನಲ್ಲೇ ಒಂದು ತಪ್ಪು ಹಿಡಿದರು. ಬಿಬಿಸಿ ಮೈಕ್ರೊದ ಚಿತ್ರದ ಲೆಕ್ಕದಲ್ಲಿ ಪರದೆಯ ಎತ್ತರ 1,024 ಬಿಂದು, ಮೋಡ್ ಯಾವುದೇ ಇರಲಿ. ಅವರು ಒಂದು ಮಿಲಿಮೀಟರ್ ಮಳೆಗೆ ಒಂದು ಬಿಂದು ಇಟ್ಟಿದ್ದರು. ಪಕ್ಕದ ಆಗುಂಬೆಯಲ್ಲಿ ವರ್ಷದ ಸರಾಸರಿಯೇ 7,000 ಮಿಲಿಮೀಟರ್ ದಾಟುತ್ತದೆ. ಆ ಸೀಮೆಯ ಜುಲೈಗೆ 1,024 ಎಲ್ಲಿ ಸಾಕು? ಜುಲೈ ಕಂಬ ಪ್ರತಿ ವರ್ಷವೂ ಪರದೆಯ ನೆತ್ತಿಯಲ್ಲೇ ಕತ್ತರಿಸಿಹೋಗಿತ್ತು. ಆಗಿನ ಮಕ್ಕಳು ಯಾರೂ ಕೇಳಲಿಲ್ಲವಂತೆ. ಅಳತೆಯ ಸಾಲಿನಲ್ಲಿ ನಾಲ್ಕರಿಂದ ಭಾಗಿಸಿ ಮತ್ತೆ ಓಡಿಸಿದರು.

ತಿದ್ದಿದ್ದನ್ನು ಎಲ್ಲಿ ಉಳಿಸುವುದು ಅನ್ನುವ ಪ್ರಶ್ನೆ ಬಂತು. ಪೇಜ್ ಇ00ರಲ್ಲಿ ಇರುವಾಗ ಡಿಸ್ಕಿಗೆ ಸೇವ್ ಮಾಡುವಂತಿಲ್ಲ. ಹೊಸ ಖಾಲಿ ಯುಇಎಫ್ ಟೇಪ್ ಮಾಡಿ, ರೆಕಾರ್ಡ್ ಒತ್ತಿ, ಅದಕ್ಕೇ ಸೇವ್ ಮಾಡಿದೆವು. ಮೂಲ ಫೈಲನ್ನು ರೀಡ್-ಓನ್ಲಿ ಮಾಡಿ ಬೇರೆ ಇಟ್ಟಿದ್ದೇವೆ. ಮೇಷ್ಟ್ರು ಹೊಸ ಟೇಪಿಗೂ ಎರಡು ಸಲ ಸೇವ್ ಮಾಡಿದರು. ಬೇಡ, ಇದು ಫೈಲು ಅಂದರೂ ಕೇಳಲಿಲ್ಲ.